ಆರು ಮೂಲೆಯ ಬಿಲ್ಲೆಗಳು

ಮಗಳು ಸಾಕಿದ ಮೀನುಗಳ ಮೈಮೇಲೆ ಕಳೆದ ವಾರ ಬಿಳಿ ಚುಕ್ಕೆ ಎದ್ದವು. ಮೀನಿನ ಅಂಗಡಿಯವನು ಒಂದು ಪುಟ್ಟ ಬಾಟಲಿ ಕೊಟ್ಟು, ದಿನಕ್ಕೆ ಎರಡು ಹನಿ ಹಾಕಿ ಎಂದ. ಮುಚ್ಚಳ ತೆಗೆದು ಮೊದಲ ಹನಿ ಬಿಟ್ಟೆ. ಕಡುನೀಲಿ ಬಣ್ಣ ಎಳೆಎಳೆಯಾಗಿ ನೀರಿಗಿಳಿಯಿತು. ಮಗಳು ಚಪ್ಪಾಳೆ ತಟ್ಟಿದಳು. ನಾನು ಬಾಟಲಿಯ ಮೇಲಿನ ಹೆಸರು ಓದಿದೆ: ಮಿಥಿಲೀನ್ ಬ್ಲೂ. ಇದೇ ನೀಲಿಯನ್ನು ನಮ್ಮ ಮೇಡಂ ಕಾಲೇಜಿನ ಮಾಳಿಗೆಯ ಮೇಲೆ, ಬರೀ ಬಿಸಿಲಿನಲ್ಲಿ, ನನ್ನ ಕಣ್ಣೆದುರಿಗೇ ಮಾಯ ಮಾಡಿದ್ದರು...

ಅವತ್ತು ಇಡೀ ದಿನ ನನಗೆ ಸಿಟ್ಟು. ಹೋಮ್‌ವರ್ಕ್ ಮಾಡದ ಮಗಳ ಮೇಲೆ, ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದ ಗಂಡನ ಮೇಲೆ. ಅವರಿಬ್ಬರದೂ ಏನೂ ತಪ್ಪಿರಲಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ವರ್ಷಗಳವು. ನಾನು ನಮ್ಮೂರು ಅಕ್ಕೋಳದಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ. ಮೇಡಂ ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅತಿಥಿ ಉಪನ್ಯಾಸಕಿ. ಎಂಟು ವರ್ಷದಿಂದ ಅದೇ ಕಾಲೇಜಿನಲ್ಲಿದ್ದರೂ ಅತಿಥಿಯೇ. ಪ್ರತಿ ಜೂನಿನಲ್ಲಿ ಕರೆದರೆ ಬರಬೇಕು, ಕರೆಯದಿದ್ದರೆ ಇಲ್ಲ. ಅವರ ಊರು ಕೃಷ್ಣೆಯ ದಂಡೆಯ ಸತ್ತಿ ಎಂಬ ಹಳ್ಳಿ. ಅಪ್ಪ ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿದು ಓದಿಸಿದ್ದರು. ಮೇಡಮ್ಮಿನ ಬಾಡಿಗೆ ಕೋಣೆಯಲ್ಲಿ ಒಂದು ಮಂಚ, ಬುದ್ಧನ ಒಂದು ಚಿತ್ರ, ಉಳಿದದ್ದೆಲ್ಲ ಪುಸ್ತಕ.

ಪಾಠ ಮುಗಿದ ಮೇಲೆ ಅವರು ಲ್ಯಾಬಿನಲ್ಲೇ ಉಳಿಯುತ್ತಿದ್ದರು. ಒಂದು ದಿನ ಏನು ಮಾಡುತ್ತೀರಿ ಎಂದು ಕೇಳಿದೆ. ಬೆರಳ ತುದಿಯಲ್ಲಿ ಚೂರು ಬಿಳಿ ಪುಡಿ ತೋರಿಸಿದರು. ಸತುವಿನ ಆಕ್ಸೈಡು. ಗಾಯಕ್ಕೆ ಹಚ್ಚುವ ಮುಲಾಮಿನಲ್ಲಿ ಇರುವಂಥದ್ದೇ. ಆದರೆ ಇದರ ಕಣಗಳು ಕಣ್ಣಿಗೆ ಹೋಗಲಿ, ನಮ್ಮ ಕಾಲೇಜಿನ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣವು. ಬಣ್ಣದ ನೀರಿಗೆ ಈ ಪುಡಿ ಹಾಕಿ ಬಿಸಿಲಿಗಿಟ್ಟರೆ, ಬೆಳಕು ಬಿದ್ದ ಕಣ ಎಚ್ಚೆತ್ತು ಬಣ್ಣವನ್ನು ಮುರಿಯುತ್ತದೆ. ಪುಡಿ ಮಾತ್ರ ಇದ್ದ ಹಾಗೇ ಉಳಿಯುತ್ತದೆ.

"ನಮ್ಮ ಅಪ್ಪ ಹೊಳಿ ನೀರ ಕುಡದ ಬೆಳದಾವ," ಎಂದಿದ್ದರು. "ನೀರ ಸ್ವಚ್ಛ ಮಾಡಾಕ ಕರೆಂಟ್ ಬೇಕು, ಮಷೀನ್ ಬೇಕು ಅಂದ್ರ ನಮ್ಮಂಥೋರಿಗೆ ಆಗೂದಲ್ಲ. ಬಿಸಲೊಂದ ನಮ್ಮ ಕಡೆ ಪುಕ್ಕಟೆ ಐತಿ."

ಅವರ ತಲೆ ತಿನ್ನುತ್ತಿದ್ದ ಪ್ರಶ್ನೆ ಕಣದ ಆಕಾರದ್ದು. ಒಂದೇ ಪುಡಿ, ಒಂದೇ ತೂಕ. ಆದರೂ ಒಂದು ಸಲ ಮಾಡಿದ್ದು ಚುರುಕು, ಇನ್ನೊಂದು ಸಲ ಮಾಡಿದ್ದು ಮಂದ. ಯಾಕೆ? ನನಗೆ ಅರ್ಥವಾಗಲಿಲ್ಲ. ಮರುದಿನ ಒಂದು ತುಂಡು ಕಬ್ಬು ಹಿಡಿದುಕೊಂಡು ಬಂದರು.

"ಸಿಪ್ಪಿ ನೆಕ್ಕು. ರಸ ಬಂತೇನ?"

"ಇಲ್ರಿ ಮೇಡಂ."

"ಕೊಯ್ದ ತುದಿ ನೆಕ್ಕು ಈಗ."

ಸಿಹಿ ಹತ್ತಿತು. ಅವರು ಚಾಕುವಿನಿಂದ ಅದನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಮೇಜಿನ ಮೇಲೆ ಹರಡಿದರು. "ಕಬ್ಬ ಅದ, ತೂಕ ಅಷ್ಟ. ಆದ್ರ ಕೊಯ್ದ ಮುಖ ಎಷ್ಟ ಪಟ್ಟ ಆತು ನೋಡ. ನಮ್ಮ ಕಣಾನೂ ಹಂಗ. ಬಣ್ಣ ಮುರಿಯೂ ಕೆಲಸ ಜಾಸ್ತಿ ನಡಿಯೂದು ತುದಿ ಮುಖದ ಮ್ಯಾಲ. ಕಣ ಕಡ್ಡಿ ಹಂಗ ಉದ್ದ ಬೆಳದ್ರ ಎರಡ ಸಣ್ಣ ತುದಿ. ಬಿಲ್ಲಿ ಹಂಗ ಅಗಲಾದ್ರ ಎರಡೂ ಕಡೆ ತುದೀನ."

ಕಣವನ್ನು ಉದ್ದ ಬೆಳೆಯಲು ಬಿಡದೆ ಅಗಲವಾಗಿಸುವುದು ಹೇಗೆ? ಅದಕ್ಕೆ ಅವರು ಹಿಡಿದ ದಾರಿ ಕಿರಾಣಿ ಅಂಗಡಿಯ ಲಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಅದು ತುದಿಯ ಮುಖಕ್ಕೆ ಅಂಟಿಕೊಂಡು ಆ ಕಡೆಯ ಬೆಳವಣಿಗೆ ತಡೆಯುತ್ತದೆ ಎಂಬ ಲೆಕ್ಕಾಚಾರ. ಎಷ್ಟು ಹಾಕಬೇಕು ಎಂದು ಗೊತ್ತಾಗಲು ಒಂದಿಡೀ ವರ್ಷ ಹಿಡಿಯಿತು. ಹಾಲು ಕಾಸುವ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಬಾಟಲಿ ಇಳಿಸಿ, ಮಾಡಿದ್ದನ್ನೇ ಮಾಡಿದರು. ನಾನು ತೂಗಿ ಕೊಡುತ್ತಿದ್ದೆ, ತೊಳೆಯುತ್ತಿದ್ದೆ, ವಹಿಯಲ್ಲಿ ಬರೆಯುತ್ತಿದ್ದೆ.

ಏಪ್ರಿಲ್ಲಿನ ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟೆವು. ಎಲ್ಲದರಲ್ಲೂ ಅದೇ ನೀಲಿ. ಪುಡಿ ಬಣ್ಣವನ್ನು ಬರೀ ಹೀರಿಕೊಂಡು ಮೋಸ ಮಾಡುತ್ತಿಲ್ಲ ತಾನೆ ಎಂದು ನೋಡಲು, ಅಂಥವೇ ಬಾಟಲಿಗಳನ್ನು ಕೆಳಗೆ ಕಪಾಟಿನ ಕತ್ತಲಲ್ಲೂ ಇಟ್ಟಿದ್ದರು. ಹೊತ್ತು ಇಳಿಯುವಷ್ಟರಲ್ಲಿ ಪುಡಿ ಹಾಕದ ನೀರು ನೀಲಿಯಾಗೇ ಇತ್ತು. ಕಡ್ಡಿಯಂಥ ಕಣಗಳಿವೆ ಎಂದುಕೊಂಡಿದ್ದ ಬಾಟಲಿ ತಿಳಿನೀಲಿಯಾಗಿತ್ತು. ಬಿಲ್ಲೆಗಳಿವೆ ಎಂದುಕೊಂಡಿದ್ದ ಬಾಟಲಿ ಕುಡಿಯುವ ನೀರಿನ ಹಾಗೆ ತಿಳಿಯಾಗಿತ್ತು. ಕೆಳಗೆ ಓಡಿ ಕಪಾಟು ತೆಗೆದೆವು. ಅಲ್ಲಿ ಎಲ್ಲವೂ ನೀಲಿಯೇ. ಮೇಡಂ ಬಾಗಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ನಗಾಡಿದರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಆದರೆ ಅವು ನಿಜವಾಗಿ ಬಿಲ್ಲೆಗಳೇ ಎಂದು ಸಾಬೀತು ಮಾಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಅದು ಇದ್ದದ್ದು ದೂರದ ಒಂದು ವಿಶ್ವವಿದ್ಯಾಲಯದಲ್ಲಿ, ಒಬ್ಬ ಪ್ರಾಧ್ಯಾಪಕರ ಕೈಕೆಳಗೆ. ಮಾದರಿಯ ಜೊತೆ ಕೊಡಲು ಮೇಡಂ ಒಂದು ದೀರ್ಘ ಪತ್ರ ಬರೆದರು. ಲಿಂಬೆ ಉಪ್ಪಿನ ಅಳತೆ, ಕಬ್ಬಿನ ಹೋಲಿಕೆ, ಎಲ್ಲವೂ ಅದರಲ್ಲಿತ್ತು. ನನ್ನ ಅಕ್ಷರ ದುಂಡಗೆಂದು ಅದನ್ನು ನನ್ನಿಂದಲೇ ಚೆನ್ನಾಗಿ ಬರೆಸಿದರು. ಇಬ್ಬರೂ ಬಸ್ಸು ಬದಲಿಸಿ ಬದಲಿಸಿ ಹೋಗಿ ಕೊಟ್ಟೆವು. ಪ್ರಾಧ್ಯಾಪಕರು ಪತ್ರ ಓದಿದರು. ಮೊದಲು ಕೇಳಿದ ಪ್ರಶ್ನೆ, "ನಿಮ್ಮ ಮನೆತನದ ಅಡ್ಡಹೆಸರೇನು?" ಮೇಡಂ ಹೇಳಿದರು. "ಓಹೋ," ಎಂದು ಮಾದರಿಯ ಸೀಸೆಗಳನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡರು.

ನಾಲ್ಕು ತಿಂಗಳ ನಂತರ ಫೋನಿನಲ್ಲಿ ಹೇಳಿದ್ದು ಇಷ್ಟು: ಮಾದರಿ ಗಂಟುಕಟ್ಟಿತ್ತು, ಚಿತ್ರ ಬರಲಿಲ್ಲ. ಮೇಡಂ ನಂಬಿದರು. ತಮ್ಮದೇ ತಪ್ಪೆಂದು ಮತ್ತೆ ಮೊದಲಿನಿಂದ ಶುರು ಮಾಡಿದರು.

ಅಷ್ಟರಲ್ಲಿ ನನಗೆ ಆ ಪ್ರಾಧ್ಯಾಪಕರ ವಿಭಾಗದಲ್ಲೇ ಎಂ.ಎಸ್ಸಿ. ಸೀಟು ಸಿಕ್ಕಿತು. ಎರಡನೆಯ ವರ್ಷ ಒಂದು ದಿನ ಆ ಪ್ರಾಧ್ಯಾಪಕರು ತಮ್ಮ ಹೊಸ ಲೇಖನದ ಬಗ್ಗೆ ಪಾಠ ಮಾಡುತ್ತ, "ಕಬ್ಬಿನ ಜಲ್ಲೆಯನ್ನು ನೆನಪಿಸಿಕೊಳ್ಳಿ, ರಸ ಬರುವುದು ಕೊಯ್ದ ಮುಖದಿಂದ," ಎಂದರು. ಪರದೆಯ ಮೇಲೆ ಚಿತ್ರ ಬಂತು. ಆರು ಮೂಲೆಯ ತೆಳು ಬಿಲ್ಲೆಗಳು, ಒಂದರ ಮೇಲೊಂದು. ಕೆಳಗೆ ಅವರ ಹೆಸರು, ಅವರ ಸಂಶೋಧನಾ ವಿದ್ಯಾರ್ಥಿಯ ಹೆಸರು.

ಲೇಖನದ ಜೆರಾಕ್ಸ್ ತೆಗೆದುಕೊಂಡು ಶನಿವಾರ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಮೇಡಮ್ಮಿಗೆ ಕೊಟ್ಟೆ. ಕಲ್ಲುಬೆಂಚಿನ ಮೇಲೆ ಕೂತು ಅವರು ಚಿತ್ರವನ್ನೇ ನೋಡಿದರು. ತಾವು ಮಾಡಿದ ಕಣಗಳನ್ನು ಅವರು ಕಂಡದ್ದು ಅದೇ ಮೊದಲು.

"ಆರೂ ಮೂಲಿ ಎಷ್ಟ ಚೊಲೊ ಬಂದಾವ ನೋಡ," ಎಂದರು. ಬೆರಳಿನಿಂದ ಒಂದು ಬಿಲ್ಲೆಯ ಸುತ್ತ ಗೆರೆ ಎಳೆದರು. ಆಮೇಲೆ ಹೆಸರುಗಳನ್ನು ಓದಿದರು. "ನಂದ ಕಸಗೊಂಡು ನನಗ ಸುಳ್ಳ ಹೇಳ್ಯಾನ. ಎರಡ ವರ್ಷ ನನ್ನ ಕೈ ಮ್ಯಾಲ ನನಗ ಸಂಶಯ ಬರೂ ಹಂಗ ಮಾಡ್ಯಾನ."

ಅವರು ದೂರು ಕೊಟ್ಟರು. ವಿಶ್ವವಿದ್ಯಾಲಯ ಸಮಿತಿ ಮಾಡಿತು. ಮೇಡಂ ಕೊಟ್ಟ ವಹಿಯನ್ನು ಸಮಿತಿಯವರು ಒಪ್ಪಲಿಲ್ಲ. ವಾರಕ್ಕೊಮ್ಮೆ ಸಹಿ ಹಾಕಬೇಕಿದ್ದ ಕಾಲೇಜಿನ ವಿಭಾಗ ಮುಖ್ಯಸ್ಥ ಒಮ್ಮೆಯೂ ಅದನ್ನು ತೆರೆದು ನೋಡಿರಲಿಲ್ಲ. ಆ ಪತ್ರವೇ ನಮಗೆ ಬಂದಿಲ್ಲ ಎಂದರು ಪ್ರಾಧ್ಯಾಪಕರು. ಅದನ್ನು ಬರೆದ ಕೈ, ಹೋಗಿ ಕೊಟ್ಟದ್ದನ್ನು ಕಂಡ ಕಣ್ಣು, ಎರಡೂ ನನ್ನವೇ. ಸಮಿತಿ ನನಗೊಂದು ಕಾಗದ ಕಳಿಸಿತು. ನಡೆದದ್ದನ್ನು ಬರೆದು ಸಹಿ ಹಾಕಿ ಕಳಿಸಬೇಕಿತ್ತು, ಅಷ್ಟೇ.

ಪ್ರಾಧ್ಯಾಪಕರು ನನ್ನನ್ನು ಕರೆದು ಏನೂ ಬೆದರಿಸಲಿಲ್ಲ. ನಿನ್ನ ಪ್ರಾಜೆಕ್ಟ್ ಎಲ್ಲಿಗೆ ಬಂತಮ್ಮ, ಎಂದು ಕೇಳಿದರು. ಅಷ್ಟು ಸಾಕಾಯಿತು. ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಕಬ್ಬಿನ ಹೊಲದ ಬದುವಿನ ಮೇಲೆ ನಿಂತಿದ್ದರು.

"ನಿನಗ ಕಲಿಸಿದ ಬಾಯಾರು ಶಾಣ್ಯಾ ಅದಾರ, ನಾಳೆ ಎಲ್ಲೇರ ಬ್ಯಾರೆ ನೌಕರಿ ಹಿಡೀತಾರ. ಸರ್‌ನ ಎದುರ ಹಾಕ್ಕೊಂಡ ನೀ ಹೆಂಗ ಪಾಸಾಗ್ತಿ? ಅದೂ ಯಾರ ಸಲುವಾಗಿ..."

ಮಾತು ಅಲ್ಲಿಗೇ ಬಿಟ್ಟರು. ಬಿಟ್ಟ ಮಾತು ನನಗೆ ಗೊತ್ತಿತ್ತು. ಮೇಡಂ ಒಮ್ಮೆ ನಮ್ಮ ಮನೆಗೆ ಬಂದಾಗ ಅವರು ಚಹಾ ಕುಡಿದ ಲೋಟವನ್ನು ಅಜ್ಜಿ ಒಳಗೆ ತರಲಿಲ್ಲ. ಅದು ಹಿತ್ತಲ ಗೋಡೆಯ ಮೇಲೆ ಮಳೆ ಬರುವವರೆಗೂ ಇತ್ತು. ನಾನು ದಿನಾ ನೋಡುತ್ತಿದ್ದೆ. ನಾನೂ ಒಳಗೆ ತರಲಿಲ್ಲ.

ಕಾಗದದಲ್ಲಿ ಒಂದೇ ಸಾಲು ಬರೆದೆ: ಈ ವಿಷಯ ನನಗೆ ನೆನಪಿಲ್ಲ.

ಅಂಥ ಸಲಕರಣೆಯಿಲ್ಲದ ಲ್ಯಾಬಿನಲ್ಲಿ ಇಂಥ ಕೆಲಸ ಸಾಧ್ಯವೇ ಇಲ್ಲವೆಂದು ಸಮಿತಿ ತೀರ್ಮಾನಿಸಿತು. ಹಾಲಿನ ಪಾತ್ರೆ, ಕಿರಾಣಿ ಅಂಗಡಿಯ ಲಿಂಬೆ ಉಪ್ಪು ಕೇಳಿ ಒಬ್ಬರು ನಕ್ಕರಂತೆ. ಮುಂದಿನ ಜೂನಿನಲ್ಲಿ ಕಾಲೇಜು ಮೇಡಮ್ಮನ್ನು ಕರೆಯಲಿಲ್ಲ. ಅವರು ಕಾಗವಾಡದ ಕಡೆ ಒಂದು ಖಾಸಗಿ ಹೈಸ್ಕೂಲು ಸೇರಿದರು. ನಾನು ಒಳ್ಳೆಯ ಅಂಕ ಪಡೆದು ಪಾಸಾದೆ. ಆ ಅಂಕಪಟ್ಟಿ ಕಂಡರೆ ಇವತ್ತಿಗೂ ಹರಿದೆಸೆಯಬೇಕು ಅನ್ನಿಸುತ್ತದೆ. ಹರಿದಿಲ್ಲ. ಅದರ ಮೇಲೇ ನನ್ನ ನೌಕರಿ ನಿಂತಿದೆ.

ಕೆಲವು ವರ್ಷದ ನಂತರ ಅಥಣಿಯಲ್ಲಿ ಒಂದು ಪರೀಕ್ಷಾ ಕೇಂದ್ರದ ಮೇಲ್ವಿಚಾರಣೆಗೆ ಹೋಗಿದ್ದೆ. ವರಾಂಡದಲ್ಲಿ ಎದುರಿಗೆ ಮೇಡಂ. ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ತಪ್ಪು ಮಾಡಿದೆ ಎಂದೆ, ಆ ಪ್ರಾಧ್ಯಾಪಕನನ್ನು ನೆನೆದರೆ ಮೈ ಉರಿಯುತ್ತದೆ ಎಂದೆ, ಏನೇನೋ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಸಿಟ್ಟ ಬರತೈತೇನ ನಿನಗ?"

"ದಿನಾ ಬರತೈತ್ರಿ ಮೇಡಂ."

"ಆವತ್ತ ಬಂದಿದ್ರ ನನ್ನ ಕೆಲಸಕ್ಕ ಬರತಿತ್ತು."

ಗಂಟೆ ಹೊಡೆಯಿತು. ಮೇಡಂ ಪ್ರಶ್ನೆಪತ್ರಿಕೆಯ ಕಟ್ಟು ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ಅದೇ ಕೊನೆ... ಎರಡು ಸಾವಿರದ ಹತ್ತರ ದಶಕ ಮುಗಿಯುವ ಮೊದಲೇ ಅವರು ಕಾಯಿಲೆಯಿಂದ ತೀರಿಕೊಂಡರು. ನನಗೆ ಯಾರೂ ತಿಳಿಸಲಿಲ್ಲ. ತಿಳಿಸಬೇಕೆಂದು ಯಾರಿಗೆ ಯಾಕೆ ಅನ್ನಿಸಬೇಕು? ಬಸ್ಸಿನಲ್ಲಿ ಸಿಕ್ಕ ಸತ್ತಿಯ ಒಬ್ಬರು ಮಾತಿಗೆ ಮಾತು ಬಂದು ಹೇಳಿದರು, ಅಷ್ಟೊತ್ತಿಗೆ ಆರು ತಿಂಗಳಾಗಿತ್ತು.

ಈಗ ನಾನೂ ಕಾಲೇಜಿನಲ್ಲಿ ಇದನ್ನೇ ಕಲಿಸುತ್ತೇನೆ. ಆ ಲೇಖನವನ್ನು ಜನ ಇನ್ನೂ ಉಲ್ಲೇಖಿಸುತ್ತಾರೆ. ಆ ಪ್ರಾಧ್ಯಾಪಕರು ಸನ್ಮಾನ ಮಾಡಿಸಿಕೊಂಡು ನಿವೃತ್ತರಾದರು. ನೀಲಿ ಹನಿ ಕಂಡ ವಾರವೇ ನನಗೆ ಕಣಗಳ ಆಕಾರದ ಪಾಠವಿತ್ತು. ಇದನ್ನು ಕಂಡುಹಿಡಿದವರು ನನಗೆ ಕಲಿಸಿದ ಮೇಡಂ, ಮಾಡಿದ್ದು ಇಲ್ಲೇ, ನಮ್ಮ ತಾಲೂಕಿನಲ್ಲೇ, ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಪೆನ್ನು ಹಿಡಿದು ತಲೆ ಎತ್ತಿದಳು.

"ಯಾವ ಪುಸ್ತಕದಾಗ ಐತ್ರಿ ಮೇಡಂ ಇದು? ಬರಕೋತೀನಿ."

ಯಾವ ಪುಸ್ತಕದಲ್ಲೂ ಇಲ್ಲ. ಇರುವಂತೆ ಮಾಡಬಹುದಾಗಿದ್ದ ಸಮಿತಿಯ ಒಂದು ಕಾಗದ ಒಮ್ಮೆ ನನ್ನ ಕೈಗೆ ಬಂದಿತ್ತು ಎಂದು ಆ ಹುಡುಗಿಗೆ ಹೇಳಲು ನನಗೆ ಅವತ್ತೂ ಬಾಯಿ ಬರಲಿಲ್ಲ.