ನಾಲ್ಕನೆಯ ಸರದಿ

ವಿದೇಶದ ಊರಾದ ಯೂನಿಯನ್‌ವಿಲ್‌ನ ಈ ಅಂಗಡಿಯ ತುಂಬ ಹಳೆಯ ಜಪಾನಿ ಗೇಮ್ ಯಂತ್ರಗಳೇ. ಕಾರ್ ರೇಸ್ ಯಂತ್ರದ ಸೀಟು ಖಾಲಿಯಾದದ್ದೇ ತಡ, ನಾನು ಅದರ ಮೇಲೆ ಕರವಸ್ತ್ರ ಎಸೆದು ಟೋಕನ್ ತರಲು ಕೌಂಟರಿಗೆ ಓಡಿದೆ.

ತಂಗಿ ಶೈಲಾ ಅಲ್ಲಿಗೇ ಬಂದಳು. "ಅಕ್ಕಾ, ಇದನ್ನೇನ್ ಹುಬ್ಬಳ್ಳಿ ಬಸ್‌ಸ್ಟ್ಯಾಂಡ್ ಅಂತ ತಿಳದೀ ಏನ? ಮಷಿನ್ ಮ್ಯಾಲೆ ಮೂರು ಟೋಕನ್ ಇಟ್ಟಾರ ನೋಡು. ಒಂದೊಂದೂ ಒಬ್ಬೊಬ್ಬರ ಟರ್ನ್!"

ಟೋಕನ್ ಇಟ್ಟವರು ಬೇರೆ ಯಂತ್ರಗಳ ಮುಂದೆ ನಿಶ್ಚಿಂತೆಯಿಂದ ಆಡುತ್ತಿದ್ದರು. ಕಾವಲಿಗೆ ಯಾರೂ ಇರಲಿಲ್ಲ. ಎಂಥ ನಂಬಿಕೆ!

ಬೈಸಿಕೊಳ್ಳಲು ಸಿದ್ಧಳಾಗಿ ಮರಳಿದೆ. ಅಂಗಡಿಯ ಮುದುಕ ಮಾಲೀಕ ನನ್ನತ್ತ ನೋಡಿ ಸಣ್ಣಗೆ ತಲೆಬಾಗಿದ, ಅಷ್ಟೇ. ಸೀಟಿನ ಮೇಲೆ ಕರವಸ್ತ್ರ ಇರಲಿಲ್ಲ. ಅದು ನೀಟಾಗಿ ಮಡಿಚಿಕೊಂಡು, ಮೂರು ಟೋಕನ್‌ಗಳ ಪಕ್ಕ ನಾಲ್ಕನೆಯದಾಗಿ ಕೂತಿತ್ತು.