ಲಾಂಛನದ ಕೆಳಗಿನ ತಾಮ್ರ

ಬೆಟಗೇರಿಯಲ್ಲಿ ಪಾತ್ರೆಗಳ ಮೇಲೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಯುವ ಮೌನೇಶ ಪತ್ತಾರನಿಗೆ ಅರವತ್ತು ದಾಟಿದೆ. ಬೆಳ್ಳಿಯ ಕೆಲಸವನ್ನು ಆ ಮನೆತನಕ್ಕೆ ನಂಬಿ ಕೊಡುವವರು ಕಡಿಮೆ. ಕಾರಣ, ೧೯೭೩ರ ಒಂದು ಮಧ್ಯಾಹ್ನ.

ಆಗ ಅವನ ತಂದೆ ಕಾಳಪ್ಪನ ಅಂಗಡಿ ಲಕ್ಷ್ಮೇಶ್ವರದಲ್ಲಿತ್ತು. ಹತ್ತಿ ಕಂಪನಿಯ ಆಂಗ್ಲ ಅಧಿಕಾರಿಯೊಬ್ಬ ಬಿಟ್ಟುಹೋಗಿದ್ದ ಜೋಡಿ ತಬಕುಗಳು ವ್ಯಾಪಾರಿ ಕೊಟ್ರಪ್ಪನವರ ಕೈಸೇರಿದ್ದವು. ಪ್ರತಿಯೊಂದರ ನಡುವೆಯೂ ಆ ಆಂಗ್ಲ ಮನೆತನದ ಲಾಂಛನ: ಸಾರಂಗದ ತಲೆ, ಕೆಳಗೆ ಮೂರು ಚಿಪ್ಪು. ಕೊಟ್ರಪ್ಪನವರು ಲಾಂಛನದ ಮೇಲೆಯೇ ಒರೆಹಚ್ಚಿ ಅಪ್ಪಟ ಬೆಳ್ಳಿಯೆಂದು ಖಾತ್ರಿ ಮಾಡಿಕೊಂಡು, ಅದರ ಕೆಳಗೆ ತಮ್ಮ ಹೆಸರು ಹಾಕಲು ಒಂದು ತಬಕನ್ನು ಕಾಳಪ್ಪನಿಗೆ ಕೊಟ್ಟರು. ಅವನು ಹೊಡೆದ ಚುಕ್ಕೆಗಳಲ್ಲಿ ತಾಮ್ರ ಕಂಡಿತು. ಬೆಳ್ಳಿಯ ತಬಕು ಬದಲಿಸಿದ ಕಳ್ಳನೆಂದು ಕೊಟ್ರಪ್ಪನವರು ತುಂಬಿದ ಪೇಟೆಯಲ್ಲಿ ಅವನ ಕೊರಳಪಟ್ಟಿ ಹಿಡಿದರು. ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ. ಊರು ಬಿಟ್ಟು ಬೆಟಗೇರಿ ಸೇರಿದ ಕಾಳಪ್ಪ ಹದಿನೆಂಟು ವರ್ಷ ಕಳ್ಳನೆಂಬ ಹೆಸರನ್ನು ಹೊತ್ತು ಬದುಕಿ, ಹಾಗೆಯೇ ಸತ್ತ. ಅದನ್ನು ಅಳಿಸಲೇಬೇಕೆಂಬ ಹಠ ಮೌನೇಶನಲ್ಲಿ ಉಳಿಯಿತು.

೨೦೨೪ರ ವೈಶಾಖದಲ್ಲಿ ಕೊಟ್ರಪ್ಪನವರ ಮಗ ಪ್ರಭುಲಿಂಗ ಜೋಡಿಯಲ್ಲಿ ಉಳಿದ ತಬಕನ್ನು ಹಿಡಿದು ಬಂದ. ಮೌನೇಶ ಯಾರ ಮಗನೆಂಬುದು ಅವನಿಗೆ ತಿಳಿಯದು.

“ಮಗಳ ಮದುವಿಗೆ ಕೊಡೂದೈತ್ರಿ. ಅಂಕಿತಾ ಅಂತ ಹಾಕ್ರಿ. ನಾ ಇಲ್ಲೇ ಕುಂಡ್ರತೀನಿ. ಇದರ ಜೋಡಿದನ್ನ ಒಬ್ಬ ಕಳ್ಳ ಪತ್ತಾರ ನುಂಗಿ ನೀರ ಕುಡದಾನ.”

“ಕುಂಡ್ರಿ. ಕಣ್ಣ ಮಿಟುಕಬ್ಯಾಡ್ರಿ ಮತ್ತ,” ಎಂದ ಮೌನೇಶ.

ಒರೆಸಲೆಂದು ತಬಕಿನ ಮೇಲೆ ಬಾಯಿಯ ಹಬೆ ಬಿಟ್ಟ. ಮಸುಕಾದ ಬೆಳ್ಳಿಯಲ್ಲಿ ಲಾಂಛನದ ಸುತ್ತ ಚೌಕಾಕಾರದ ಬೆಸುಗೆಯ ಗೆರೆ ಮೂಡಿ ಮಾಯವಾಯಿತು. ಮತ್ತೊಮ್ಮೆ ಊದಿದ. ಅದೇ ಗೆರೆ. ತಬಕು ತಾಮ್ರದ್ದು, ಮೇಲಿನದು ಬೆಳ್ಳಿಯ ತೆಳು ಹಾಳೆ. ಕೊರೆಯುವಾಗ ತಾಮ್ರ ಕಾಣದಿರಲೆಂದು ಮಾಡಿದವರು ಲಾಂಛನದಷ್ಟು ಜಾಗದಲ್ಲಿ ಮಾತ್ರ ಅಪ್ಪಟ ಬೆಳ್ಳಿಯ ತುಂಡನ್ನು ಕೂಡಿಸಿದ್ದರು. ಕೊಟ್ರಪ್ಪನವರು ಒರೆಹಚ್ಚಿದ್ದು ಅಲ್ಲಿ, ಅಲ್ಲಿ ಮಾತ್ರ.

ಮೌನೇಶ ಎದುರಿನ ಬಳೆ ಅಂಗಡಿಯ ನಿಶಾತಳನ್ನೂ ಚಹಾ ಕುಡಿಯುತ್ತಿದ್ದ ನಾಲ್ವರನ್ನೂ ಕರೆದು ನಿಲ್ಲಿಸಿಕೊಂಡು, ಚೌಕದ ಕೆಳಗೆ ಮೊದಲ ಚುಕ್ಕೆ ಹೊಡೆದ. ಕೆಂಪು.

“ಇದೇನ್ರಿ ಇದು?” ಪ್ರಭುಲಿಂಗ ಎದ್ದುನಿಂತ.

“ತಾಮ್ರ. ನಿಮ್ಮ ಕಣ್ಣ ಮುಂದನ ನಾ ಬದಲ ಮಾಡಿದ್ನೇನು? ಆ ಕಳ್ಳ ಪತ್ತಾರನ ಮಗ ನಾನ ನೋಡ್ರಿ.”

“ಹೇಳ್ರಲಾ ಸಾವ್ಕಾರ್ರ, ಯಾವಾಗ ಬದಲಾತು?” ಎಂದು ನಿಶಾತ ನಕ್ಕಳು.

ಪ್ರಭುಲಿಂಗ ದನಿ ತಗ್ಗಿಸಿದ. “ಅಪ್ಪಾರು ತೀರಿ ಹೋಗ್ಯಾರ. ಹಳೇ ಮಾತು ಬಿಡ್ರಿ.” ತಬಕಿಗೆ ಕೈಚಾಚಿದ.

“ಕೈ ತಗೀರಿ. ಉಳಿ ಜಾರಿದ್ರ ಬೆರಳ ಹೋದೀತು.”

ಸುತ್ತಿಗೆ ನಿಲ್ಲಲಿಲ್ಲ. ಸಾರಂಗದ ಕೆಳಗೆ ಕೆಂಪು ಚುಕ್ಕೆಗಳಲ್ಲಿ ಮೂಡಿದ್ದು ಅಂಕಿತಾಳ ಹೆಸರಲ್ಲ, ‘ಕಾಳಪ್ಪ ಕಳ್ಳನಲ್ಲ’. ನಿಶಾತ ಅದನ್ನು ಪೇಟೆಗೆಲ್ಲ ಕೇಳುವಂತೆ ಓದಿದಳು.

“ಬೀಗರ ಮುಂದ ಇದನ್ನ ಹೆಂಗ ಇಡ್ಲಿ? ತಿಕ್ಕಿ ಅಳಿಸಿಕೊಡ್ರಿ.”

“ತಿಕ್ಕಿದಷ್ಟೂ ಕೆಂಪು ಅಗಲ ಆಕ್ಕೈತ್ರಿ,” ಎಂದು ಮೌನೇಶ ತಬಕನ್ನು ಅವನ ಕಡೆಗೆ ಸರಿಸಿದ.