ಬಸವನಗುಡಿಯಲ್ಲಿ ಮಗಳು ಕಾಯಿ ಆರಿಸಿದ್ದು

ನನ್ನ ಗಂಡನ ಅಕ್ಕ ನಮ್ಮನ್ನು ಬೆಂಗಳೂರಿಗೆ ಕರೆದದ್ದು ಬೆಂಗಳೂರು ತೋರಿಸಲಿಕ್ಕಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಹೊಸ ಫ್ರಾಕು ಹಾಕಿಕೊಂಡು ಕುಣಿದವಳು ನನ್ನ ಐದು ವರ್ಷದ ಮಗಳೊಬ್ಬಳೇ. ಅತ್ತಿಗೆಯ ಮಗ ಹಾಸ್ಟೆಲ್ ಸೇರಿದ ಮೇಲೆ ಅವರ ಮನೆಯಲ್ಲೊಂದು ಕೋಣೆ ಖಾಲಿಯಾಗಿತ್ತು. ನನ್ನ ಮಗಳನ್ನು ಅಲ್ಲಿಟ್ಟುಕೊಂಡು, ಹತ್ತಿರದ ದೊಡ್ಡ ಸ್ಕೂಲಿಗೆ ಒಂದನೇ ಕ್ಲಾಸಿಗೆ ಸೇರಿಸಬೇಕೆಂದು ಅವರ ಆಸೆ. "ಒಂದಿನ ಊರೆಲ್ಲ ತೋರಿಸ್ತೀನಿ ಕಣೇ. ಮಗು ಇರ್ತೀನಿ ಅಂದ್ರೆ ಬಿಟ್ಟು ಹೋಗು, ಇಲ್ಲಾಂದ್ರೆ ಬೇಡ" ಎಂದು ಫೋನಿನಲ್ಲಿ ಹೇಳಿದ್ದರು. ನಾನೂ ಹೂಂ ಅಂದಿದ್ದೆ. ನನ್ನ ಗಂಡನದ್ದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. "ಓಗಿ ನೋಡಾಣ ಬುಡು" ಅಂದು ತೋಟಕ್ಕೆ ನೀರು ಬಿಡಲು ಹೋದರು.

ನಾವು ಮೂವರೂ ತಿಪಟೂರಿನಲ್ಲಿ ಬೆಳಗಿನ ರೈಲು ಹತ್ತಿದ್ದೇ ತಡ, ಮಗಳ ಬಾಯಿಗೆ ಬಿಡುವೇ ಇರಲಿಲ್ಲ. ರೈಲಿಗೆ ಸ್ಟೇರಿಂಗ್ ಎಲ್ಲೈತೆ? ಆ ಅಜ್ಜಂಗೆ ಯಾಕೆ ಹಲ್ಲಿಲ್ಲ? ಮೆಟ್ರೋದಲ್ಲಿ ಬಾಗಿಲು ತಾನಾಗಿ ಮುಚ್ಚಿಕೊಂಡಾಗ, ಯಾರು ಮುಚ್ಚಿದರೆಂದು ಇಡೀ ಡಬ್ಬಿಗೆ ಕೇಳುವಂತೆ ಕೇಳಿದಳು. ನಮ್ಮ ಮನೆಯಲ್ಲಿ ಎಲ್ಲರ ಗಂಟಲೂ ದೊಡ್ಡದೇ. ತೋಟದ ಆ ತುದಿಯಲ್ಲಿರುವವರನ್ನು ಈ ತುದಿಯಿಂದ ಕರೆಯುವ ಜನ ಪಿಸುಗುಟ್ಟುವುದನ್ನು ಎಲ್ಲಿ ಕಲಿಯಬೇಕು?

ಅತ್ತಿಗೆ ಕೆಟ್ಟವರೆಂದು ನಾನು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಮಂಡಿನೋವಿದ್ದರೂ ಅವತ್ತು ಮಗುವನ್ನು ಎತ್ತಿಕೊಂಡೇ ತಿರುಗಿದರು. ವಿಧಾನಸೌಧದ ಮುಂದೆ ಫೋಟೋ ತೆಗೆಸಿದರು, ಕೇಳಿದ್ದೆಲ್ಲ ಕೊಡಿಸಿದರು. ಮೂಗಿಗೆ ತುಪ್ಪ ಸವರುತ್ತಿದ್ದಾರೆ ಅಂತ ಒಳಗೇ ಉರಿದುಕೊಂಡೆನಾದರೂ, ಅವರ ಪ್ರೀತಿ ಸುಳ್ಳಾಗಿರಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ಬಸವನಗುಡಿಯ ದೇವಸ್ಥಾನಕ್ಕೆ ಹೋದೆವು. ಎದುರಿಗೆ ತೆಂಗಿನಕಾಯಿ ಗಾಡಿ ಇತ್ತು. ಅಲ್ಲೊಬ್ಬರು ರೇಷ್ಮೆ ಸೀರೆಯ ಅಜ್ಜಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಅತ್ತಿಗೆಯ ಬೀದಿಯವರೇ ಅಂತೆ. ಅದನ್ನು ನೋಡಿದ ನನ್ನ ಮಗಳು ಕೈ ಬಿಡಿಸಿಕೊಂಡು ಓಡಿದಳು. ಅವಳಿಗೆ ಇಡೀ ಬೆಂಗಳೂರಿನಲ್ಲಿ ಗೊತ್ತಿರುವ ಕೆಲಸ ಅದೊಂದೇ ಆಗಿತ್ತು.

ನಮ್ಮ ಕಡೆ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ಒಂದು ವರ್ಷ ಮುಟ್ಟುವುದಿಲ್ಲ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಇಳಿಸಿದ ಮೇಲೆ ಮನೆಮಂದಿಯೆಲ್ಲ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ಗಡಗಡ ಅಂದರೆ ಸುಲಿಯುವ ರಾಶಿಗೆ, ಗುಳುಗುಳು ಅಂದರೆ ತಿರುಗಿ ಅಟ್ಟಕ್ಕೆ. ಆ ಕೆಲಸದಲ್ಲಿ ನನ್ನ ಮಗಳ ಕಿವಿ ನನ್ನ ಮಾವನವರ ಕಿವಿಗಿಂತ ಚುರುಕು.

ಅಜ್ಜಿಯ ಕೈಯಿಂದ ಕಾಯಿ ಇಸಕೊಂಡು ಅಲ್ಲಾಡಿಸಿದಳು. "ಇದ್ ತಗಾಬ್ಯಾಡ ಕಣಜ್ಜಿ, ನೀರೈತೆ" ಅಂದಳು. ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಆಮೇಲೆ ನನ್ನ ಕಡೆ ತಿರುಗಿ, ಬೀದಿಗೆಲ್ಲ ಕೇಳುವಂತೆ, "ಅಮ್ಮಾ, ಇವ್ರ ಗಾಡೀಲಿರದು ಒಂದೂ ಆಗಿಲ್ಲ ಕಣಮ್ಮಾ. ಎಲ್ಲಾನೂ ಅಟ್ಟಕ್ಕಾಕ್ಬೇಕು" ಎಂದಳು.

ನೀರಿಲ್ಲದ ಕಾಯಿ ಕೆಟ್ಟದ್ದು ಅನ್ನುವ ಊರು ಅದು. ಗಾಡಿಯವನು, "ಯಾರ್ ಮಗೂನಮ್ಮ ಇದು, ವ್ಯಾಪಾರದ ಟೈಮಲ್ಲಿ" ಎಂದು ಗೊಣಗಿದ. ಸುತ್ತ ನಿಂತವರೆಲ್ಲ ಗೊಳ್ಳೆಂದರು. ಅತ್ತಿಗೆಯ ಮುಖ ಕೆಂಪಾಯಿತು. "ಕೇಳ್ದೆ ಯಾರ ಹತ್ರಾನೂ ಹೀಗೆ ಮಾತಾಡ್ಬಾರ್ದು ಪುಟ್ಟಾ. ನೋಡು, ಎಲ್ರೂ ನಗ್ತಿದಾರೆ" ಅಂದರು. ನಾನೇನು ಮಾಡಿದೆ? ಊರಲ್ಲಿ ಬಾಯಿಬಡುಕಿ ಅನ್ನಿಸಿಕೊಂಡ ನಾನು, ಅವರೆಲ್ಲರ ಜೊತೆ ಹಲ್ಲು ಕಿರಿದೆ. "ಹಳ್ಳಿ ಮಗು, ಏನೂ ಅನ್ಕೋಬೇಡಿ" ಅಂದು, ಇನ್ನೊಂದು ಕಾಯಿಗೆ ಕೈ ಹಾಕುತ್ತಿದ್ದ ಮಗಳನ್ನು ಎಳೆದುಕೊಂಡು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.

ಆಮೇಲೆ ಲಾಲ್‌ಬಾಗಿಗೆ ಹೋದೆವು. ಗಾಜಿನಮನೆ ನೋಡಿದೆವು, ಬಂಡೆ ಹತ್ತಿದೆವು, ಐಸ್‌ಕ್ರೀಂ ತಿಂದೆವು. ಮಗಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗಾಜಿನ ಮನೆಯಲ್ಲಿ ಯಾರು ಮಲಗುತ್ತಾರೆ ಎಂದು ಕೇಳದೆ ಸುಮ್ಮನಿರುವ ಮಗುವಲ್ಲ ಅದು. ನಿದ್ದೆ ಬಂದಿರಬೇಕು ಅಂದುಕೊಂಡೆ. ಅತ್ತಿಗೆ ಮಾತ್ರ ಅವಳ ತಲೆ ನೇವರಿಸಿ, "ನೋಡಿದ್ಯೇನೇ, ಅರ್ಧ ದಿನಕ್ಕೇ ಎಷ್ಟು ಡೀಸೆಂಟ್ ಆಗ್ಬಿಟ್ಳು" ಅಂದರು.

ಸಂಜೆ ಅವರ ಮನೆಗೆ ಬಂದು ಕಾಫಿ ಕುಡಿದ ಮೇಲೆ, ಅತ್ತಿಗೆ ಮಗುವನ್ನು ಆ ಖಾಲಿ ಕೋಣೆಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದರು. ನಾನೂ ನನ್ನ ಗಂಡನೂ ಬಾಗಿಲಲ್ಲಿ ನಿಂತಿದ್ದೆವು. "ಅತ್ತೆ ಜೊತೆ ಇಲ್ಲೇ ಇರ್ತೀಯೇನೋ ಪುಟ್ಟಾ?"

"ಇರ್ತೀನಿ" ಅಂದಳು ಮಗಳು, ಬಲು ಮೆತ್ತಗೆ.

ಅತ್ತಿಗೆ ಅವಳನ್ನು ತಬ್ಬಿಕೊಂಡರು. ನನ್ನ ಗಂಡ ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಆ ದನಿ ನನ್ನ ಮಗಳದ್ದು ಅನ್ನಿಸಲಿಲ್ಲ. ಹತ್ತಿರ ಹೋಗಿ, "ಯಾಕವ್ವಾ, ನಾನ್ ಬ್ಯಾಡ್ವಾ ನಿಂಗೆ?" ಎಂದು ಕೇಳಿದೆ.

"ನಾನ್ ಮಾತಾಡುದ್ರೆ ನಿಂಗೆ ನಾಚ್ಕೆ ಆಯ್ತದಲ್ಲ" ಅಂದಳು. "ನನ್ ಬಾಯ್ ಮುಚ್ದ್ಯಲ್ಲ."

ಅಳು ಬರಬೇಕಿತ್ತು, ಸಿಟ್ಟು ಬಂತು. ಎಲ್ಲರಿಗಿಂತ ಹೆಚ್ಚಾಗಿ ನನ್ನ ಆ ಕೈಯ ಮೇಲೇ ಬಂತು. ಮಗಳನ್ನು ಮಂಚದಿಂದ ಎತ್ತಿಕೊಂಡೆ. "ಇವ್ಳು ಇಲ್ಲಿರಲ್ಲ ಅತ್ತಿಗೆ. ನಮ್ಮೂರ ಸ್ಕೂಲಿಗೇ ಹೋಗ್ತಾಳೆ" ಅಂದೆ.

"ಮಗುವೇ ಇರ್ತೀನಿ ಅಂತಿದೆಯಲ್ಲೇ. ನೀನೇ ಒಪ್ಕೊಂಡಿದ್ದೆ."

"ಒಪ್ಪಿದ್ದೆ. ಈಗ ಒಪ್ಪಲ್ಲ. ಮಾತಿಗೆ ತಪ್ಪಿದೋಳು ಅಂತ ಎಲ್ರ ಹತ್ರಾನೂ ಹೇಳ್ಕಳಿ, ನಾನು ಇಲ್ಲ ಅನ್ನಲ್ಲ."

"ಮಗೂ ಭವಿಷ್ಯ ಕಣೇ..." ಎಂದು ನನ್ನ ಗಂಡ ಬಾಯಿ ತೆಗೆದರು.

"ಭವಿಷ್ಯ ನಾಳೆ ನೋಡಾಣ. ಈಗ ಚಪ್ಲಿ ಹಾಕ್ಕಳಿ" ಅಂದೆ.

ಅತ್ತಿಗೆ ಅತ್ತರು. ಅದನ್ನು ನೋಡಿ ನನಗೆ ಸಂಕಟವಾಯಿತು, ಆದರೂ ಕಾಲು ನಿಲ್ಲಲಿಲ್ಲ. ಅವತ್ತಿನಿಂದ ಅವರು ನನಗೆ ಫೋನ್ ಮಾಡಿಲ್ಲ. ಮಗಳ ಬಾಳು ಹಾಳು ಮಾಡಿದೆನೆಂದು ಬಂಧುಬಳಗದಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಬಾಯಿ ಅವರದು.

ಅವತ್ತು ವಾಪಸ್ ಬರುವ ರೈಲಿನಲ್ಲಿ ಮಗಳನ್ನು ಕಿಟಕಿ ಪಕ್ಕ ಕೂರಿಸಿ, ಗಂಡನಿಗೂ ಕೇಳುವಂತೆಯೇ ಅವಳಿಗೆ ಹೇಳಿದೆ. "ಬೆಳಗ್ಗೆ ನಂಗೆ ನಾಚ್ಕೆ ಆಗಿದ್ದು ನಿಜ ಕಣವ್ವ. ತಪ್ಪು ನಂದು. ನಿಂದಲ್ಲ."

ಅವಳು ನನ್ನ ಕಡೆ ತಿರುಗಿದಳು. "ಈಗ?"

"ಈಗಿಲ್ಲ. ಮಾತಾಡು."

ತುಮಕೂರು ದಾಟುವವರೆಗೂ ನಂಬಲಿಲ್ಲ. ದಾಟಿದ ಮೇಲೆ, ಗಾಜಿನ ಮನೆಯಲ್ಲಿ ಯಾರು ಮಲಗುತ್ತಾರೆ ಅಂತ ಶುರು ಮಾಡಿದಳು. ಎದುರು ಸೀಟಿನ ಹೆಂಗಸು ಕಿವಿಯಿಂದ ಇಯರ್‌ಫೋನ್ ತೆಗೆದು, ಸ್ವಲ್ಪ ಮೆತ್ತಗೆ ಮಾತಾಡಲು ಹೇಳಿ ಅನ್ನುವ ಹಾಗೆ ನನ್ನ ಕಡೆ ನೋಡಿದಳು. ನಾನೂ ಅವಳನ್ನೇ ನೋಡಿದೆ, ಅವಳು ಕಣ್ಣು ತೆಗೆಯುವವರೆಗೂ.